ರೋಡಾ ಸತ್ತ ಕಾರಣ

ಆ ಸಾಲು ಬಂದದ್ದು ಶನಿವಾರ ಮಧ್ಯಾಹ್ನ. ಡಾರ್ಕಸ್ ವೆದರಲ್ ತನ್ನ ತಮ್ಮನ ಮಗಳ ಹಾಸಿಗೆಯ ಪಕ್ಕ ಕೂತು ಕಾಲುಚೀಲ ಹೆಣೆಯುತ್ತಿದ್ದಳು, ಪದ್ಯದ ಯೋಚನೆಯೇ ತಲೆಯಲ್ಲಿರಲಿಲ್ಲ, ಇದ್ದಕ್ಕಿದ್ದಂತೆ ಬಂದು ನಿಂತಿತು: ದೀಪ ತಗ್ಗಿಸಮ್ಮ, ಇನ್ನು ಬೆಳಕು ಬೇಡ ನನಗೆ. ಕೈಯ ಸೂಜಿಗಳು ನಿಂತವು. ಬೇಡ, ಇಲ್ಲಿ ಬೇಡ, ಎಂದು ತನ್ನನ್ನೇ ಗದರಿಕೊಂಡಳು. ಅಷ್ಟರಲ್ಲಿ ಎರಡನೆಯದು ಮೊದಲನೆಯದರ ಬೆನ್ನಿಗೇ ಬಂದುಬಿಟ್ಟಿತ್ತು: ಕಿಟಕಿಯಾಚೆ ಕಾದವರಿಗೆ ಕಣ್ಣು ಕುಕ್ಕೀತು. ಇಷ್ಟು ವರ್ಷ ಮಕ್ಕಳ ಮಾಸಪತ್ರಿಕೆಗಳಿಗೆ ಕತೆ ಪದ್ಯ ಬರೆದು ಹೊಟ್ಟೆ ಹೊರೆದವಳು ಅವಳು. ಇಂಗ್ಲೆಂಡಿನ ಎಷ್ಟೋ ಮನೆಗಳ ಮಕ್ಕಳಿಗೆ ಅವಳು ‘ಡಾರ್ಕಸತ್ತೆ’. ಪ್ರಾಸ ಹುಡುಕಿ, ಹರಿದ ಬಟ್ಟೆಗೆ ತೇಪೆ ಹಾಕಿದ ಹಾಗೆ ಸಾಲಿಗೆ ಸಾಲು ಕೂಡಿಸುವುದು ಅವಳಿಗೆ ಗೊತ್ತಿದ್ದ ಕೆಲಸ. ಹೀಗೆ ತಾನಾಗಿ, ಇಡಿಯಾಗಿ, ಒಂದಕ್ಷರವನ್ನೂ ತಿದ್ದಬೇಕಿಲ್ಲದಂತೆ ಬಂದದ್ದು ಇದೇ ಮೊದಲು. ಚೆನ್ನಾಗಿದೆ ಎಂಬ ಸಂತೋಷ ಮೈಯೆಲ್ಲ ಬೆಚ್ಚಗೆ ಹರಡಿತು. ಆಮೇಲೆ ತಲೆಯೆತ್ತಿ ಹಾಸಿಗೆಯ ಕಡೆ ನೋಡಿದಳು. ಒಂಬತ್ತು ವರ್ಷದ ಫೀನಿ ಎರಡೂ ಕೈಗಳನ್ನು ಹೊದಿಕೆಯ ಮೇಲೆ ಜೋಡಿಸಿಟ್ಟುಕೊಂಡು ಕಣ್ಣು ಮುಚ್ಚಿ ಮಲಗಿದ್ದಳು. ಎದೆ ಏರಿಳಿಯುತ್ತಿತ್ತು. ಮಗು ಇನ್ನೂ ಬದುಕಿತ್ತು, ಮತ್ತು ಅತ್ತೆ ಆಗಲೇ ಅವಳ ಸಾವಿಗೆ ಪದ್ಯ ಕಟ್ಟುತ್ತಿದ್ದಳು.

ತಪ್ಪು ಆ ಚಿತ್ರದ್ದು ಎಂದು ಹೇಳಿಕೊಂಡು ನೋಡಿದಳು. ಲಂಡನ್ನಿನ ಪ್ರಕಾಶಕ ಟಬ್ಸ್ ಹೊಸ ಚಿತ್ರ ಕೆತ್ತಿಸುವ ಪೈಕಿಯಲ್ಲ. ಮುಚ್ಚಿಹೋದ ಜರ್ಮನ್ ಪತ್ರಿಕೆಗಳ ಹಳೆಯ ಮರದ ಅಚ್ಚುಗಳನ್ನು ರಾಶಿಗಟ್ಟಲೆ ಕೊಂಡು, ಒಂದೊಂದರ ಪ್ರತಿ ಒತ್ತಿಸಿ ಅವಳಿಗೆ ಕಳಿಸುತ್ತಿದ್ದ. ಚಿತ್ರಕ್ಕೆ ತಕ್ಕ ಪದ್ಯ ಅವಳು ಕೂರಿಸಬೇಕು. ಹಸು ಬಂದರೆ ಹಸು, ಹಡಗು ಬಂದರೆ ಹಡಗು. ಕ್ರಿಸ್‌ಮಸ್ ಸಂಚಿಕೆಗೆಂದು ಈ ಸಲ ಬಂದದ್ದು ಹಾಸಿಗೆ ಹಿಡಿದ ಹುಡುಗಿ. ಕಾಲಬಳಿ ನಾಯಿ, ಮಂಡಿಯೂರಿದ ತಾಯಿ, ಎಡಗಡೆ ದೀಪ, ಬಲಗಡೆ ಕಿಟಕಿ. ಅದನ್ನು ಚೀಲದಲ್ಲಿಟ್ಟುಕೊಂಡೇ ಅವಳು, ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದು ಮಲಗಿದ್ದ ಫೀನಿಯ ಆರೈಕೆಗೆಂದು, ನಾರ್ಫಕ್‌ನಲ್ಲಿ ತಮ್ಮ ಪಾದ್ರಿಯಾಗಿದ್ದ ಊರಿನ ಈ ಮನೆಗೆ ಓಡಿ ಬಂದಿದ್ದಳು. ಮೊದಲ ಸಂಜೆಯೇ ಕೋಣೆಯ ಬಾಗಿಲಲ್ಲಿ ನಿಂತು ಬೆಚ್ಚಿದ್ದಳು. ಎಲ್ಲ ಇತ್ತು, ನಾಯಿ ಕೂಡ. ದೀಪ ಮಾತ್ರ ಬಲಗಡೆ ಇತ್ತು. ಕೆಲವು ದಿನ ಬಿಟ್ಟು, ಮಗುವಿನ ಕಣ್ಣಿಗೆ ಚುಚ್ಚುತ್ತದೆ ಎಂದು ಸಬೂಬು ಹೇಳಿ, ದೀಪದ ಮೇಜನ್ನು ಎಡಗಡೆಗೆ ಎಳೆದಿಟ್ಟಳು. ಯಾರೂ ಏನೂ ಕೇಳಲಿಲ್ಲ. ತಾನು ಮಾಡಿದ್ದೇನೆಂದು ಹೊಳೆದಾಗ ಅವಳಿಗೆ ತನ್ನ ಕೈಗಳನ್ನು ನೋಡಲೂ ನಾಚಿಕೆಯಾಗಿತ್ತು. ಆದರೂ ಮೇಜನ್ನು ವಾಪಸು ಎಳೆದಿರಲಿಲ್ಲ.

ಬೆಳಿಗ್ಗೆ ಬಂದ ಡಾಕ್ಟರು ಫೀನಿಯ ಬೆನ್ನಿಗೆ ಕಿವಿಯಿಟ್ಟು ಕೇಳಿ, ಎದೆ ತಿಳಿಯಾಗಿದೆ ಎಂದಿದ್ದರು. ಹೊರಗೆ ಬಂದಮೇಲೆ ಕನ್ನಡಕ ಒರೆಸುತ್ತ, “ಕಾಯಿಲೆ ಹೋಗಿದೆ, ಮಗುವೂ ಅದರ ಹಿಂದೆ ಹೊರಟಿದೆ. ನಂಗಿದು ಅರ್ಥ ಆಗ್ತಿಲ್ಲ. ಕುಡಿದಿದ್ದೆಲ್ಲ ಎಲ್ಲಿಗೆ ಹೋಗ್ತಿದೆ? ಹೀಗೇ ಇನ್ನೊಂದೆರಡು ದಿನ ಆದ್ರೆ ಹೃದಯ ತಡೆಯಲ್ಲ” ಎಂದಿದ್ದರು. ತಾಯಿ ಹೆಸ್ಟರ್ ಹೊತ್ತು ಹೊತ್ತಿಗೆ ಮಾಂಸದ ಸಾರು ಕಾಯಿಸಿ ತರುತ್ತಿದ್ದಳು. “ನೀವು ಹೋಗಿ ಅಮ್ಮ, ನಿಧಾನಕ್ಕೆ ಕುಡೀತೀನಿ” ಎನ್ನುತ್ತಿದ್ದಳು ಫೀನಿ. ಬಟ್ಟಲು ಖಾಲಿಯಾಗಿ ಹಿಂದಕ್ಕೆ ಬರುತ್ತಿತ್ತು. ಈಗಲೂ ಮಂಚದ ಪಕ್ಕ ಬಟ್ಟಲೊಂದು ಹಬೆಯಾಡುತ್ತಿತ್ತು. ಡಾರ್ಕಸ್ ಕುರ್ಚಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಮೂರನೆಯ ಸಾಲು ಬರುತ್ತಿತ್ತು, ಬಾಗಿಲು, ಚಿಲಕ, ಸದ್ದಾಗದ ಚಿಲಕ. ಅದನ್ನು ತಡೆಯುತ್ತಿದ್ದಾಳೋ ಬರಮಾಡಿಕೊಳ್ಳುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ. ಅತ್ತೆಗೆ ನಿದ್ದೆ ಬಂತೆಂದು ಫೀನಿ ಅಂದುಕೊಂಡಿರಬೇಕು. ಡಾರ್ಕಸ್ ಕಣ್ಣು ತೆರೆದಾಗ ತೆಳ್ಳನೆಯ ಕೈಯೊಂದು ಬಟ್ಟಲನ್ನು ಮಂಚದ ಅಂಚಿನಿಂದ ಕೆಳಗೆ ಹಿಡಿದಿತ್ತು. ಮುದಿ ನಾಯಿ ಬೋಸನ್ ಚೂರೂ ಸದ್ದು ಮಾಡದೆ, ದಿನದ ಅಭ್ಯಾಸವೆಂಬಂತೆ, ಸಾರು ನೆಕ್ಕುತ್ತಿತ್ತು. ಮಗುವಿನ ಮಂಚ ಬಿಟ್ಟು ಕದಲದ ಈ ಮೂಕಪ್ರಾಣಿಯ ನಿಷ್ಠೆಯ ಬಗ್ಗೆ ತಮ್ಮ ಆಂಬ್ರೋಸ್ ಹೋದ ಭಾನುವಾರ ಚರ್ಚಿನಲ್ಲಿ ಪ್ರಸಂಗ ಮಾಡಿದ್ದ. ಊರವರು ಅತ್ತಿದ್ದರು, ಡಾರ್ಕಸ್ ಕೂಡ. ನಾಯಿ ಎಷ್ಟು ಕೊಬ್ಬಿದೆ ಎಂಬುದು ಅವಳ ಕಣ್ಣಿಗೆ ಬಿದ್ದದ್ದು ಈಗಲೇ.

“ಫೀನಿ!”

ಬಟ್ಟಲು ಅಲುಗಲಿಲ್ಲ. ನಾಯಿ ಮುಗಿಸುವವರೆಗೂ ಹಿಡಿದಿದ್ದು, ಆಮೇಲೆ ಮೇಜಿನ ಮೇಲಿಟ್ಟು, “ಅಮ್ಮಂಗೆ ಹೇಳ್ಬೇಡಿ ಅತ್ತೆ. ಪಾಪ, ಅಳ್ತಾರೆ” ಎಂದಳು.

“ಯಾವಾಗಿಂದ ನಡೀತಿದೆ ಇದು?”

“ಜ್ವರ ಬಿಟ್ಟಾಗಿಂದ. ರೋಡಾನೂ ಹೀಗೇ ಮಾಡಿದ್ಲಲ್ಲ? ಬಾಗಿಲಿಗೆ ಬಂದ ಭಿಕ್ಷುಕನ ನಾಯಿಗೆ ತನ್ನ ಸಾರೆಲ್ಲ ಹಾಕಿಬಿಟ್ಲು. ನಮ್ಮೂರಿಗೆ ಭಿಕ್ಷುಕರು ಬರಲ್ಲ, ಪೊಲೀಸಿನವನು ಬಿಡಲ್ಲ. ಅದಕ್ಕೇ ಬೋಸನ್.”

ಪುಟ್ಟ ರೋಡಾ ಡಾರ್ಕಸತ್ತೆಯ ಹೆಸರು ಮಾಡಿದ ಪುಸ್ತಕದ ಹುಡುಗಿ. ಸಂಡೇ ಸ್ಕೂಲುಗಳಲ್ಲಿ ಬಹುಮಾನಕ್ಕೆ ಕೊಡುವುದು ಅದನ್ನೇ. ರೋಡಾ ಎಲ್ಲರಿಗೂ ತನ್ನದನ್ನೆಲ್ಲ ಕೊಟ್ಟು, ಎಲ್ಲರನ್ನೂ ಕ್ಷಮಿಸಿ, ಕೊನೆಯ ಪುಟದಲ್ಲಿ ಸಾಯುತ್ತಾಳೆ. “ಅದು ಕತೆ ಫೀನಿ” ಎಂದಳು ಡಾರ್ಕಸ್. ಸ್ವರ ಕಿರುಗುಟ್ಟಿತು.

“ಗೊತ್ತು. ನೀವೇ ಬರೆದಿದ್ದು.” ಫೀನಿ ದಿಂಬಿಗೆ ಒರಗಿ ಉಸಿರು ತೆಗೆದುಕೊಂಡಳು. ಅಷ್ಟು ಮಾತಿಗೇ ಸುಸ್ತಾಗಿತ್ತು. “ಇವತ್ತು ಸಂಜೆ ಸಂಡೇ ಸ್ಕೂಲಿನ ಮಕ್ಕಳು ಕಿಟಕಿ ಕೆಳಗೆ ಹಾಡೋಕೆ ಬರ್ತಾರಂತೆ, ಅಪ್ಪ ಹೇಳಿದ್ರು. ರೋಡಾ ಹೋಗಿದ್ದೂ ಹಾಡ್ತಿದ್ದಾಗ್ಲೇ. ಎರಡನೇ ಚರಣದಲ್ಲಿ. ನನ್ನ ಪದ್ಯ ಆಯ್ತಾ ಅತ್ತೆ?”

“ಯಾವ ಪದ್ಯ?”

“ಮತ್ತೆ ದಿನಾ ಕೂತ್ಕೊಂಡು ನನ್ನನ್ನೇ ನೋಡ್ತೀರಲ್ಲ. ಹೋಗೋಕೆ ಮುಂಚೆ ಒಂದ್ಸಲ ಹೇಳಿ, ನಾನು ಕೇಳ್ಬೇಕು. ಕೂದಲು ಬಂಗಾರದ ಬಣ್ಣ ಅಂತ ಹಾಕಿ. ಕಂದು ಅಂತ ಹಾಕ್ಬೇಡಿ.”

ಆ ಮುಖದಲ್ಲಿ ಭಯವಿರಲಿಲ್ಲ. ಭಯವಿದ್ದಿದ್ದರೆ ಡಾರ್ಕಸ್ ಮಗುವನ್ನು ತಬ್ಬಿಕೊಳ್ಳುತ್ತಿದ್ದಳು. ಇದ್ದದ್ದು ಪಾಠವನ್ನೆಲ್ಲ ಸರಿಯಾಗಿ ಒಪ್ಪಿಸಿ ಬಹುಮಾನಕ್ಕೆ ಕಾದು ನಿಂತ ಹುಡುಗಿಯ ಜಂಬ. ಡಾರ್ಕಸ್ ಎದ್ದಳು, ನೂಲಿನ ಉಂಡೆ ಉರುಳಿ ಮಂಚದಡಿ ಹೋಯಿತು, ಎತ್ತಿಕೊಳ್ಳಲಿಲ್ಲ. ಮೆಟ್ಟಿಲಿಳಿದಳು. ಆಂಬ್ರೋಸನಿಗೆ ಹೇಳಬೇಕು, ಅವನು ತಂದೆ, ಊರಿನ ಪಾದ್ರಿ, ಅವನು ಒಂದು ಮಾತು ಹೇಳಿದರೆ ಮಗು ಕೇಳುತ್ತದೆ ಎಂದುಕೊಂಡಳು. ಓದುವ ಕೋಣೆಯಲ್ಲಿ ಅವನು ನಾಳೆಯ ಪ್ರಸಂಗ ಬರೆಯುತ್ತಿದ್ದ. ಕೆನ್ನೆ ಒದ್ದೆಯಾಗಿತ್ತು. ಹಾಳೆಯ ಮೇಲೆ ಫೀನಿಯ ಪೂರ್ತಿ ಹೆಸರು, ಟ್ರಿಫೀನಾ, ದೊಡ್ಡ ಅಕ್ಷರಗಳಲ್ಲಿ ಕಾಣಿಸಿತು.

“ಅವಳು ಸಾರು ಕುಡೀತಿಲ್ಲ ಆಂಬ್ರೋಸ್. ನಾಯಿಗೆ ಹಾಕ್ತಿದಾಳೆ.”

ಅವನು ಲೇಖನಿ ಕೆಳಗಿಡಲಿಲ್ಲ. “ಈ ಲೋಕದ ಹಸಿವು ತೀರಿದೆ ಅವಳಿಗೆ.”

“ಹಸಿವಿದೆ ಕಣೋ. ಹೊಟ್ಟೆ ಗುರುಗುಡೋದನ್ನ ಈ ಕಿವಿಯಿಂದ ಕೇಳಿದೀನಿ. ನನ್ನ ಪುಸ್ತಕ ಓದ್ಕೊಂಡು ಹೀಗೆ ಮಾಡ್ತಿದಾಳೆ. ರೋಡಾ ಸತ್ಲು ಅಂತ ಇವಳೂ ಸಾಯೋಕೆ ಹೊರಟಿದಾಳೆ.”

ಈಗ ಅವನು ಲೇಖನಿ ಇಟ್ಟ. ಅವನ ಕಣ್ಣಲ್ಲಿ ಕಂಡದ್ದು ಗಾಬರಿಯಲ್ಲ, ಯಾರೋ ತನ್ನ ಕೈಯಿಂದ ಏನನ್ನೋ ಕಿತ್ತುಕೊಳ್ಳಲು ಬಂದಿದ್ದಾರೆಂಬ ಸಿಟ್ಟು. “ನಿನ್ನೆ ಅವಳು ತನ್ನ ಭಾನುವಾರದ ಶೂಸನ್ನ ಚರ್ಚಿನ ಗಂಟೆ ಹೊಡೆಯೋನ ಮಗಳಿಗೆ ಕೊಡಿಸಿದ್ಲು. ಊರಿಗೆ ಊರೇ ಬಾಗಿಲಲ್ಲಿ ನಿಂತು ಅತ್ತಿದೆ. ವರ್ಷಗಟ್ಟಲೆ ಇಲ್ಲಿ ಪ್ರಸಂಗ ಮಾಡಿದೀನಿ ಡಾರ್ಕಸ್, ಇದಕ್ಕೆ ಮುಂಚೆ ನನ್ನ ಮಾತಿಗೆ ಒಂದು ಕಣ್ಣೂ ಒದ್ದೆಯಾಗಿರಲಿಲ್ಲ. ಇದೆಲ್ಲ ಕತೆಪುಸ್ತಕದ ಆಟ ಅಂತೀಯಾ ನೀನು?” ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ: “ಅದನ್ನ ಬರೀವಾಗ ನೀನು ನಂಬಿರಲಿಲ್ವಾ?”

ಮೀನಿನ ಅಂಗಡಿಯ ಮೇಲಿನ ತನ್ನ ಆ ಬಾಡಿಗೆ ಕೋಣೆ ಅವಳಿಗೆ ನೆನಪಾಯಿತು. ಅಲ್ಲಿ ಬರೆದ ಮೊದಲ ಪ್ರತಿಯಲ್ಲಿ ರೋಡಾ ಸತ್ತಿರಲಿಲ್ಲ. ಜ್ವರ ಬಿಟ್ಟು ಎದ್ದಿದ್ದಳು. ಸೋದರಮಾವನ ಜೊತೆ ಸಮುದ್ರತೀರಕ್ಕೆ ಹೋಗಿ, ಕಾಗದದ ಪೊಟ್ಟಣದಿಂದ ಬಿಸಿ ಸೀಗಡಿ ತಿಂದು, ಕಾಲುಚೀಲ ಒದ್ದೆ ಮಾಡಿಕೊಂಡು ಬೈಸಿಕೊಂಡಿದ್ದಳು. ಅದನ್ನು ಬರೆಯುವಾಗ ಡಾರ್ಕಸ್ ಒಬ್ಬಳೇ ಕೂತು ನಕ್ಕದ್ದೂ ಉಂಟು. ಟಬ್ಸ್ ಹಾಳೆ ತಿರುವಿ ನೋಡಿ, ಹುಡುಗಿ ಸಾಯ್ಲಿ ಮಿಸ್ ವೆದರಲ್, ಸಾಯೋ ಅಚ್ಚು ನನ್ನ ಹತ್ರ ರೆಡಿ ಇದೆ, ಸಮುದ್ರದ್ದಿಲ್ಲ, ಸಮುದ್ರ ಕೆತ್ತಿಸೋಕೆ ಕಾಸು ಯಾರು ಕೊಡ್ತಾರೆ, ಎಂದಿದ್ದ. ಅವಳು ವಾದಿಸಲಿಲ್ಲ. ಮನೆಗೆ ಬಂದು ಟೋಪಿಯನ್ನೂ ತೆಗೆಯದೆ ಕೂತು ರೋಡಾಳನ್ನು ಕೊಂದಳು. ಕೆಳಗಿನಿಂದ ಮೀನಿನ ವಾಸನೆ ಬರುತ್ತಿತ್ತು, ಹಾಡು ಕೂಡ ಸೇರಿಸಿದಳು, ಹಾಡು ಇದ್ದರೆ ಚೆನ್ನಾಗಿರುತ್ತದೆ ಎಂದು. ಪುಸ್ತಕ ಬಂದಮೇಲೆ ಮಕ್ಕಳನ್ನು ಕಳಕೊಂಡ ತಾಯಂದಿರು ಅವಳ ಕೈ ಹಿಡಿದು ಮುತ್ತಿಟ್ಟರು. ಅಕ್ಕ ಬರೆಯುತ್ತಾಳೆ ಎಂದು ಹೇಳಿಕೊಳ್ಳಲು ಅಷ್ಟು ದಿನ ಮುಜುಗರಪಡುತ್ತಿದ್ದ ಆಂಬ್ರೋಸ್ ಬಿಷಪ್ಪರ ಮುಂದೆ ಅವಳ ತೋಳಿಗೆ ತೋಳು ಕೊಟ್ಟು ನಡೆದ. ಆ ತೋಳಿನ ಬಿಸುಪು ಅವಳಿಗೆ ಬೇಕಾಗಿತ್ತು, ಈಗಲೂ ಬೇಕು.

“ನಂಬಿದ್ದೆ” ಎಂದಳು. ಅವನು ತಲೆಯಾಡಿಸಿ ಮತ್ತೆ ಲೇಖನಿ ಎತ್ತಿಕೊಂಡ. ಡಾರ್ಕಸ್ ಹೊರಗೆ ಬಂದು ಗೋಡೆ ಹಿಡಿದು ನಿಂತಳು. ಮೇಲೆ ಒಂದು ಮಗು ಸಾಯುತ್ತಿರುವಾಗ ತನ್ನ ಮಾನ ಉಳಿಸಿಕೊಂಡು ಬಂದಿದ್ದೇನೆ ಎಂದು ಅವಳಿಗೆ ಅಸಹ್ಯವಾಯಿತು. ಕಿಟಕಿಯಾಚೆ ಕಾದವರಿಗೆ, ಎಂದು ತಲೆಯೊಳಗೆ ಅದೇ ಸಾಲು ಮತ್ತೆ ನಡೆದಾಡಿತು, ನಾಚಿಕೆಯಿಲ್ಲದೆ.

ಹೆಸ್ಟರ್ ಅಡುಗೆಮನೆಯಿಂದ ಇನ್ನೊಂದು ಬಟ್ಟಲು ಹಿಡಿದು ಮೆಟ್ಟಿಲ ಬಳಿ ಬಂದಳು. ಎಷ್ಟೋ ದಿನದಿಂದ ಬಾಚದ ತಲೆ, ಮಡಚಿದ ಅಂಗಿಯ ತೋಳು, ಸುಟ್ಟುಕೊಂಡ ಹೆಬ್ಬೆರಳಿಗೆ ಬಟ್ಟೆಯ ಚೂರು.

“ಆ ಸಾರು ನಂಗೆ ಕೊಡು ಹೆಸ್ಟರ್.”

“ಯಾಕೆ? ನಿಮ್ಮ ಚಿತ್ರದಲ್ಲಿ ಬಟ್ಟಲು ಇಲ್ವಲ್ಲ?”

ಡಾರ್ಕಸ್‌ಗೆ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಹೆಸ್ಟರ್ ದನಿ ಏರಿಸಲಿಲ್ಲ. “ಕತ್ತರಿ ಹುಡುಕ್ತಾ ನಿಮ್ಮ ಚೀಲ ತೆಗೆದೆ. ದೀಪ ಯಾಕೆ ಆಚೆ ಹೋಯ್ತು ಅಂತ ಆಗ ಗೊತ್ತಾಯ್ತು. ನಾನು ಬೆಣ್ಣೆ ಮಾರೋರ ಮಗಳು, ನಿಮ್ಮಷ್ಟು ಓದಿಲ್ಲ. ಆದ್ರೆ ದರ್ಜಿ ಬಟ್ಟೆ ನೋಡೋ ಹಾಗೆ ನನ್ನ ಮಗಳನ್ನ ಯಾರಾದ್ರೂ ನೋಡಿದ್ರೆ ನಂಗೆ ತಿಳಿಯತ್ತೆ. ನಾನು ಎಲ್ಲಿ ಮಂಡಿ ಊರ್ಬೇಕು ಅದನ್ನೂ ಹೇಳಿಬಿಡಿ, ಊರ್ತೀನಿ.”

ಡಾರ್ಕಸ್ ನಾಯಿಯ ವಿಷಯ ಹೇಳಿದಳು, ರೋಡಾಳ ವಿಷಯ ಹೇಳಿದಳು, ಸಂಜೆಯ ಹಾಡಿನ ಎರಡನೆಯ ಚರಣದ ವಿಷಯವನ್ನೂ ಹೇಳಿದಳು. ಹೆಸ್ಟರ್ ನಿಧಾನವಾಗಿ ಮೆಟ್ಟಿಲ ಮೇಲೆ ಕೂತಳು, ಬಟ್ಟಲು ಮಡಿಲಲ್ಲಿಟ್ಟುಕೊಂಡು.

“ಬೋಸನ್ನಾ?” ಎಂದಳು. “ಮಗು ಹತ್ರ ಕೂತಿರತ್ತೆ ಅಂತ ನಾನು ಅದಕ್ಕೆ ಬೆಣ್ಣೆ ಹಚ್ಚಿದ ಬ್ರೆಡ್ಡು ಬೇರೆ ಹಾಕ್ತಿದ್ದೆ.” ಮರುಕ್ಷಣ ಎದ್ದು ನಿಂತಳು. “ಮೂಗು ಹಿಡಿದು ಕುಡಿಸ್ತೀನಿ.”

“ಉಗುಳ್ತಾಳೆ. ಪುಸ್ತಕದಲ್ಲಿ ರೋಡಾಗೂ ಹಾಗೆ ಮಾಡ್ತಾರೆ. ಅದಕ್ಕೂ ತಯಾರಾಗಿದಾಳೆ ಅವಳು.”

ಹೆಸ್ಟರ್ ಅವಳನ್ನು ದಿಟ್ಟಿಸಿ ನೋಡಿದಳು. ಹೊರಗೆ, ಅಂಗಳದ ಕಲ್ಲಿನ ಮೇಲೆ, ಮಕ್ಕಳ ಬೂಟುಗಳ ಸದ್ದು ಕೇಳಿಸತೊಡಗಿತ್ತು. “ಹಾಗಾದ್ರೆ ಆ ಹುಚ್ಚು ನೀವೇ ಬಿಡಿಸಿ,” ಎಂದು ಬಟ್ಟಲನ್ನು ಡಾರ್ಕಸಳ ಕೈಗೆ ತುರುಕಿದಳು. “ನಿಮ್ಮ ಕೈಲಿ ಆಗ್ಲಿಲ್ಲ ಅಂದ್ರೆ, ನಾನಿರೋ ತನಕ ಈ ಹೊಸ್ತಿಲು ತುಳೀಬೇಡಿ.”

ಕೋಣೆಯಲ್ಲಿ ಫೀನಿ ಕೂದಲನ್ನು ದಿಂಬಿನ ಎರಡೂ ಕಡೆ ಹರಡಿಕೊಂಡು ಸಿದ್ಧಳಾಗಿದ್ದಳು. ಹಾಡು ಕೇಳಲೆಂದು ಕಿಟಕಿಯನ್ನು ಒಂದಿಷ್ಟು ತೆರೆಸಿಟ್ಟಿದ್ದಳು. ಹೆಸ್ಟರ್ ಯಾರ ಮುಖವನ್ನೂ ನೋಡದೆ ಒಳಗೆ ಬಂದು, ಬೋಸನ್‌ನ ಕೊರಳಪಟ್ಟಿ ಹಿಡಿದು ದರದರನೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಫೀನಿಯ ಹುಬ್ಬು ಗಂಟಾಯಿತು. “ನಾಯಿ ಇರ್ಬೇಕು” ಎಂದಳು. ಅಷ್ಟರಲ್ಲಿ ಕೆಳಗೆ ಹಾಡು ಶುರುವಾಯಿತು. ಡಾರ್ಕಸ್ ಬರೆದ ಕೀರ್ತನೆಯೇ ಅದು. ತನ್ನ ಮಾತುಗಳನ್ನು ಊರ ಮಕ್ಕಳ ಬಾಯಲ್ಲಿ ಕೇಳಿದಾಗಲೆಲ್ಲ ಅವಳು ಹೆಮ್ಮೆಪಡುತ್ತಿದ್ದಳು. ಈಗ ಅವು ಒಂದೊಂದಾಗಿ ಮೆಟ್ಟಿಲೇರಿ ಮಗುವನ್ನು ಒಯ್ಯಲು ಬರುತ್ತಿವೆ ಎನ್ನಿಸಿತು. ಕಿಟಕಿಗೆ ಹೋದಳು. ಕೆಳಗೆ ಲಾಂದ್ರ ಹಿಡಿದ ಮಕ್ಕಳು, ಅವರ ನಡುವೆ ಟೋಪಿ ತೆಗೆದು ನಿಂತ ಆಂಬ್ರೋಸ್. ಅವನು ತಲೆಯೆತ್ತಿದ. ಅಕ್ಕತಮ್ಮಂದಿರ ಕಣ್ಣು ಕೂಡಿದವು. ಡಾರ್ಕಸ್ ಎರಡೂ ಕೈಯಿಂದ ಕಿಟಕಿಯನ್ನು ಧಡ್ಡೆಂದು ಕೆಳಗೆಳೆದು ಪರದೆ ಮುಚ್ಚಿದಳು. ಇನ್ನು ಅವನು ತೋಳು ಕೊಡುವುದಿಲ್ಲ ಎಂದು ಆ ಕ್ಷಣದಲ್ಲೇ ಅವಳಿಗೆ ಗೊತ್ತಾಯಿತು.

“ತೆಗೀರಿ! ಅತ್ತೆ, ತೆಗೀರಿ, ಎರಡನೇ ಚರಣ ಬಂದುಬಿಡತ್ತೆ!”

“ಬರ್ಲಿ.”

“ನನ್ನ ಪದ್ಯ?”

ನಾಲ್ಕು ಸಾಲೂ ನಾಲಗೆಯ ತುದಿಯಲ್ಲಿದ್ದವು. ಎದ್ದು ಹೋಗುವಾಗ ನಿಮಗೆ ಎಚ್ಚರಾಗಬಾರದು, ಎಂದು ಮುಗಿಯುತ್ತಿತ್ತು ಕೊನೆಯದು. ಹೇಳಿದರೆ ಈ ಮಗು ಅದನ್ನು ಅಕ್ಷರಶಃ ಪಾಲಿಸುತ್ತದೆ. “ಇಲ್ಲ” ಎಂದಳು ಡಾರ್ಕಸ್, ಮಂಚದ ಅಂಚಿಗೆ ಕೂತು. “ಪದ್ಯ ಇಲ್ಲ ಫೀನಿ. ರೋಡಾ ಸತ್ತೇ ಇಲ್ಲ. ನಾನು ಮೊದಲು ಬರೆದಾಗ ಅವಳು ಹುಷಾರಾಗಿ ಎದ್ದು ಸಮುದ್ರ ನೋಡೋಕೆ ಹೋದ್ಲು. ಸೀಗಡಿ ತಿಂದ್ಲು. ಮಾವನ ಹತ್ರ ಜಗಳ ಆಡಿದ್ಲು. ಪುಸ್ತಕ ಮಾಡೋರ ಹತ್ರ ಸಮುದ್ರದ ಚಿತ್ರ ಇರ್ಲಿಲ್ಲ, ಹುಡುಗಿ ಸಾಯೋ ಚಿತ್ರ ಇತ್ತು, ಹಳೇದು. ಅದಕ್ಕೇ ಸಾಯಿಸ್ದೆ.”

ಮುಚ್ಚಿದ ಕಿಟಕಿಯಾಚೆ ಹಾಡು ತೆಳ್ಳಗೆ ಕೇಳುತ್ತಿತ್ತು.

“ಅಷ್ಟಕ್ಕೇನಾ?”

“ಅಷ್ಟಕ್ಕೇ.”

“ದೇವರು ಕರೀಲಿಲ್ವಾ ಅವಳನ್ನ?”

“ಟಬ್ಸ್ ಕರೆದ.”

“ಮತ್ತೆ ಸ್ವರ್ಗದಲ್ಲಿ ಕೊಡೋ ಕಿರೀಟ?”

“ನಂಗೊತ್ತಿಲ್ಲ ಮಗಳೇ. ನಾನು ನೋಡಿಲ್ಲ.”

ಅವಮಾನದಿಂದ ಫೀನಿಯ ತುಟಿ ಅದುರಿತು. “ನಾನು ಶೂಸು ಕೊಟ್ಬಿಟ್ಟೆ!” ಎಂದು ಕಿರುಚಿದಳು, ಕಿರುಚಲು ಶಕ್ತಿಯಿಲ್ಲದೆ ಅದು ಬೆಕ್ಕಿನ ಮರಿಯ ದನಿಯಾಯಿತು. “ಬೊಂಬೆನೂ ಕೊಟ್ಬಿಟ್ಟೆ! ನೀವು ಸುಳ್ಳಿ!” ಜೋಡಿಸಿಟ್ಟ ಕೈ ಬಿಚ್ಚಿಕೊಂಡು ಡಾರ್ಕಸಳ ತೋಳಿಗೆ ಹೊಡೆಯಿತು, ಮತ್ತೆ ಹೊಡೆಯಿತು. ಡಾರ್ಕಸ್ ಸಾರು ಚೆಲ್ಲದಂತೆ ಬಟ್ಟಲನ್ನು ದೂರ ಹಿಡಿದುಕೊಂಡು ಪೆಟ್ಟು ತಿಂದಳು. ಇಷ್ಟು ದಿನದಲ್ಲಿ ಮಗುವಿನ ಕೆನ್ನೆಗೆ ಬಣ್ಣ ಬಂದದ್ದು ಇದೇ ಮೊದಲು. ಅಳು ನಿಂತಾಗ ಹಾಡೂ ನಿಂತಿತ್ತು. ಅಂಗಳದ ಬೂಟುಗಳು ಹಿಂದಿರುಗುತ್ತಿದ್ದವು. ಎರಡನೆಯ ಚರಣ ಯಾವಾಗ ದಾಟಿತೋ ಇಬ್ಬರಿಗೂ ತಿಳಿದಿರಲಿಲ್ಲ.

“ಸಾಯ್ದೇ ಇದ್ರೆ ರೋಡಾ ಏನಾಗ್ತಿದ್ಲು?” ಫೀನಿ ಚಾವಣಿ ನೋಡುತ್ತ ಕೇಳಿದಳು.

“ದೊಡ್ಡವಳಾಗ್ತಿದ್ಲು.”

“ಯಾರ ಹಾಗೆ?”

ನಿನ್ನ ಅಮ್ಮನ ಹಾಗೆ, ಎನ್ನಬಹುದಾಗಿತ್ತು. ಮಗು ಇನ್ನೊಂದು ಸುಳ್ಳನ್ನು ತಡೆಯಲಾರದು ಎಂದು ಡಾರ್ಕಸ್‌ಗೆ ಅನ್ನಿಸಿತು. ಕತೆಯನ್ನು ನಂಬಿ, ಕತೆಗಾಗಿ ಹೊಟ್ಟೆ ಕಟ್ಟಿಕೊಂಡು, ತನ್ನ ಕೂದಲಿನ ಬಣ್ಣವನ್ನು ತಾನೇ ತಿದ್ದಿಸುವ ಹುಡುಗಿ ದೊಡ್ಡವಳಾದರೆ ಏನಾಗುತ್ತಾಳೆಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ನನ್ನ ಹಾಗೆ” ಎಂದಳು.

ಫೀನಿ ತಲೆ ಹೊರಳಿಸಿ ಅತ್ತೆಯನ್ನು ನೋಡಿದಳು. ಹಣೆಯ ಮೇಲೆ ಕೂರಿಸಿದ ಸುಳ್ಳು ಕೂದಲನ್ನು, ಅತ್ತು ಕೆಂಪಾದ ಮೂಗಿನ ತುದಿಯನ್ನು, ತಿರುಗಿಸಿ ಹೊಲಿದ ಹಳೆಯ ಕಾಲರನ್ನು, ತೊಳೆದರೂ ಹೋಗದ ಬೆರಳಿನ ಮಸಿಯನ್ನು, ಒಂದೊಂದನ್ನೇ, ಅವಸರವಿಲ್ಲದೆ ನೋಡಿದಳು. ಡಾರ್ಕಸ್‌ಗೆ ಮುಖ ತಿರುಗಿಸಬೇಕೆನಿಸಿತು, ತಿರುಗಿಸಲಿಲ್ಲ. ಅವಳು ಈ ಮಗುವನ್ನು ಎಷ್ಟೊಂದು ದಿನ ಹೀಗೇ ನೋಡಿದ್ದಳು. ಬಟ್ಟಲಿನಿಂದ ಒಂದು ಚಮಚ ಸಾರು ತೆಗೆದು ಮುಂದೆ ಹಿಡಿದಳು, ಒಂದು ಹನಿ ಹೊದಿಕೆಯ ಮೇಲೆ ಬಿತ್ತು. ಫೀನಿ ದೊಡ್ಡದೊಂದು ನಿಟ್ಟುಸಿರು ಬಿಟ್ಟಳು, ಬೇರೆ ದಾರಿಯಿಲ್ಲದೆ ಒಪ್ಪಿಕೊಳ್ಳುವವರ ಹಾಗೆ, ಮತ್ತು ಬಾಯಿ ತೆರೆದಳು. ಗಂಟಲು ಒಮ್ಮೆ ಏರಿ ಇಳಿಯಿತು.

“ಉಪ್ಪೇ ಇಲ್ಲ” ಎಂದಳು.

ಬಾಗಿಲ ಆಚೆ, ಹೆಸ್ಟರ್ ದಬದಬನೆ ಮೆಟ್ಟಿಲಿಳಿದು ಅಡುಗೆಮನೆಗೆ ಓಡುವ ಸದ್ದು ಕೇಳಿಸಿತು.